ಶಾಲೆ ಮುಚ್ಚಿರುವಾಗ ಅಧ್ಯಾಪಕರಿಗೆ ಏನು ಕೆಲಸ? (2020ರ ಕೋವಿಡ್ ಕಾಲದ ಪ್ರಶ್ನೋತ್ತರ)

ಪ್ರಶ್ನೆ (ಹೆತ್ತವರು, ಬದಿಯಡ್ಕ):
2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಮುಚ್ಚಿದ ನಮ್ಮ ಕಾಸರಗೋಡು ಜಿಲ್ಲೆಯ ಶಾಲೆಗಳು ಇನ್ನೂ ತೆರೆದಿಲ್ಲ. ಜೂನ್ 1ರಿಂದ ಕೇರಳ ಸರಕಾರದ ಶೈಕ್ಷಣಿಕ ಟಿವಿ ವಾಹಿನಿಯಾದ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಎಂಬ ತರಗತಿಗಳು ಬರುತ್ತಿರುವಾಗ, ಕನ್ನಡ ಮಾಧ್ಯಮದ ಅಧ್ಯಾಪಕರು ದಿನವಿಡೀ ಮಾಡುವುದೇನು ಎಂದು ಊರಿನಲ್ಲಿ ಕೇಳುವವರಿದ್ದಾರೆ. ತಿಳಿದವರು ವಿವರಿಸುವಿರಾ?

ಉತ್ತರ (ಅಧ್ಯಾಪಿಕೆ, ಕುಂಬಳೆ):
ವಾಹಿನಿಯ ಮುಖ್ಯ ತರಗತಿಗಳು ಮಲಯಾಳದಲ್ಲಿವೆ. ಮನೆಯಲ್ಲಿ ತುಳು ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮೂರನೆಯ ತರಗತಿಯ ಮಗುವಿಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಆದುದರಿಂದ ಅದೇ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಧ್ವನಿಮುದ್ರಿಸಿ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತೇನೆ. ಮನೆಯ ಒಂದೇ ಫೋನು ತಂದೆಯೊಡನೆ ಕೆಲಸಕ್ಕೆ ಹೋಗಿ ಸಂಜೆ ಮರಳುವುದರಿಂದ, ಮಕ್ಕಳ ನೋಟುಪುಸ್ತಕದ ಚಿತ್ರಗಳು ಬರುವುದು ರಾತ್ರಿ ಊಟದ ಹೊತ್ತಿಗೆ. ಪೆನ್ಸಿಲಿನ ಮಾಸಲು ಅಕ್ಷರ, ಅದರ ಮೇಲೆ ಫೋನು ಹಿಡಿದ ಕೈಯ ನೆರಳು. ಒತ್ತಕ್ಷರ ಸರಿಯಿದೆಯೇ ಎಂದು ಹಿಗ್ಗಿಸಿ ನೋಡಬೇಕು. ‘ಸಂಬಳಸಹಿತ ರಜೆ’ ಎನ್ನುವವರು ಒಂದು ರಾತ್ರಿ ಈ ಕೆಲಸ ಮಾಡಿ ನೋಡಲಿ.

ಉತ್ತರ (ಅಧ್ಯಾಪಕ, ಮಂಜೇಶ್ವರ):
ಟೀಚರ್ ಹೇಳಿದ್ದು ಸರಿ. ಇದರ ಜೊತೆಗೆ ಮಧ್ಯಾಹ್ನದೂಟದ ಬದಲಿಗೆ ಕೊಡುವ ಆಹಾರದ ಕಿಟ್‌ಗಳ ವಿತರಣೆ, ಪಠ್ಯಪುಸ್ತಕ ತಲುಪಿಸುವುದು, ವಾರ್ಡುಗಳಲ್ಲಿ ಕೋವಿಡ್ ಜಾಗೃತಿಯ ಕರ್ತವ್ಯ ಇವೆ. ಈ ಕೊನೆಯದನ್ನು ಅಧ್ಯಾಪಕರಿಗೇ ವಹಿಸಬೇಕಿತ್ತೇ ಎಂಬ ಬಗ್ಗೆ ನನಗೆ ಸಂಶಯವಿದೆ.

ಪ್ರಶ್ನಿಸಿದವರು:
ಧನ್ಯವಾದಗಳು. ನಮ್ಮ ಗುಡ್ಡದ ಆಚೆ ನೆಟ್‌ವರ್ಕ್ ಸಿಗದ ಮನೆಗಳೂ ಇವೆ. ಅಲ್ಲಿನ ಮಕ್ಕಳ ಗತಿಯೇನು?

ಉತ್ತರ (ಅಧ್ಯಾಪಿಕೆ, ಕುಂಬಳೆ):
ಅಂಥವರಿಗೆ ಅಭ್ಯಾಸದ ಹಾಳೆಗಳನ್ನು ಮುದ್ರಿಸಿ, ಕಿಟ್ ಒಯ್ಯಲು ಬರುವ ಹೆತ್ತವರ ಕೈಯಲ್ಲಿ ಕೊಡುತ್ತೇವೆ. ನಿಮ್ಮ ಶಾಲೆಯಲ್ಲೂ ಕೇಳಿ ನೋಡಿ.