ಸಹಾಯ ಬೇಕು: ಚುಕ್ಕಾಣಿಯ ಹಿಡಿಗಿರುವ ‘ಹೆಲ್ಮ್’ ಪದದ ಮೂಲ

ನಮಸ್ಕಾರ. ಹಳೆಯ ಜರ್ಮಾನಿಕ್ ಭಾಷೆಗಳನ್ನು (ಇಂಗ್ಲಿಷ್, ಜರ್ಮನ್ ಮುಂತಾದವುಗಳ ಬಳಗ) ಓದಿದವರು ಇಲ್ಲಿದ್ದರೆ ದಯವಿಟ್ಟು ನೆರವಾಗಿ.

ಚುಕ್ಕಾಣಿಯ ಹಿಡಿಗೆ ಇಂಗ್ಲಿಷಿನಲ್ಲಿ ‘ಹೆಲ್ಮ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹೆಲ್ಮ’. ಇದರ ಹಿಂದೆ ಆ ಬಳಗದ ತಾಯಿನುಡಿಯಾದ ಆದಿ ಜರ್ಮಾನಿಕ್‌ನ ‘ಹೆಲ್ಮನ್’ ಎಂಬ ರೂಪವನ್ನು ವಿದ್ವಾಂಸರು ಊಹಿಸುತ್ತಾರೆ. ಶಿರಸ್ತ್ರಾಣ ಎಂಬರ್ಥದ ‘ಹೆಲ್ಮ್’ ಬೇರೆ, ಅದು ‘ಮುಚ್ಚು’ ಎಂಬ ಧಾತುವಿನದು. ಕೊಡಲಿಯ ಕಾವಿಗಿರುವ ‘ಹೆಲ್ವ್’ ಪದವೇ ಚುಕ್ಕಾಣಿಯ ‘ಹೆಲ್ಮ್’ಗೆ ನೆಂಟ, ಎರಡಕ್ಕೂ ಸಂಸ್ಕೃತ, ಗ್ರೀಕ್‌ಗಳಿಗೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯ, ‘ಹಿಡಿದುಕೊಳ್ಳು’ ಎಂಬರ್ಥದ ‘ಕೆಲ್ಪ್’ ಧಾತು ಮೂಲವಿರಬಹುದು ಎಂಬ ವಾದವಿದೆ. ನನಗೆ ಇದು ತುಂಬ ಹಿಡಿಸಿತು. 1880ರಲ್ಲಿ ನಾರ್ವೆಯಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಎಂಬ ವೈಕಿಂಗ್ ಕಾಲದ ಹಡಗಿನಲ್ಲಿ ಚುಕ್ಕಾಣಿ ಎಂದರೆ ಬಲಬದಿಗೆ ಕಟ್ಟಿದ ದೊಡ್ಡ ಹುಟ್ಟು. ಅದರ ತಲೆಗೆ ಅಡ್ಡಲಾಗಿ ಸಿಕ್ಕಿಸಿದ ಹಿಡಿಯಿಂದ ಅದನ್ನು ತಿರುಗಿಸುತ್ತಿದ್ದರು. ಕೊಡಲಿಯ ಕಾವಿಗೂ ಅದಕ್ಕೂ ಹೆಚ್ಚು ದೂರವಿಲ್ಲ.

ತೊಡಕು ಧ್ವನಿಯದು. ಮೂಲದ ‘ಪ’ಕಾರ ‘ಹೆಲ್ವ್’ನಲ್ಲಿ ‘ವ’ ಆಗಿ ಉಳಿದಿದೆ. ‘ಹೆಲ್ಮ್’ನಲ್ಲಿ ಅದು ಎಲ್ಲಿ ಹೋಯಿತು? ‘ಮ’ಕಾರದ ಪ್ರತ್ಯಯ ಸೇರಿದಾಗ ಲೋಪವಾಯಿತೇ, ಅಥವಾ ಎರಡೂ ಬೇರೆ ಬೇರೆ ಧಾತುಗಳೇ?

ಇನ್ನೊಂದು ಪ್ರಶ್ನೆ. ಚುಕ್ಕಾಣಿಗಿರುವ ಇಂಗ್ಲಿಷಿನ ‘ರಡರ್’ ಪದಕ್ಕೆ, ಹುಟ್ಟು ಎಂಬರ್ಥದ ಸಂಸ್ಕೃತದ ‘ಅರಿತ್ರ’ ಸಂಬಂಧಿ. ಹಾಗೆಯೇ ‘ಹೆಲ್ಮ್’ಗೆ ಸಂಸ್ಕೃತದಲ್ಲಿಯೋ ಗ್ರೀಕ್‌ನಲ್ಲಿಯೋ ಖಚಿತವಾದ ಬಂಧು ಪದವಿದೆಯೇ? ಬಲ್ಲವರು ಧ್ವನಿನಿಯಮದ ಸಮೇತ ವಿವರಿಸಿದರೆ ಬಹಳ ಉಪಕಾರವಾಗುತ್ತದೆ.