ಡಿಸ್ಕ್ ಡ್ರೈವ್ ಇರುವ ಪಿಎಸ್5 ಬೇಕಾ, ಇಲ್ಲದ್ದೇ ಸಾಕಾ?

ಪ್ರಶ್ನೆ:
ನನ್ನ ಗೇಮ್ ಕನ್ಸೋಲ್ ಪಿಎಸ್4 (ಪ್ಲೇಸ್ಟೇಷನ್ 4) ಬಿಟ್ಟು ಪಿಎಸ್5 ತಗೊಳ್ಳಬೇಕು ಅಂತಿದ್ದೇನೆ. ಡ್ರೈವ್ ಇಲ್ಲದ ಮಾಡೆಲ್ ಅಗ್ಗ. ಆದರೆ ನನ್ನ ಹತ್ತಿರ ಒಂದು ಶೆಲ್ಫ್ ತುಂಬ ಹಳೇ ಡಿಸ್ಕ್‌ಗಳಿವೆ. "ಹೇಗಿದ್ದರೂ ಇನ್‌ಸ್ಟಾಲ್ ಮಾಡಲೇಬೇಕು, ಡಿಸ್ಕ್ ಯಾಕೆ?" ಅಂತಾರೆ ಗೆಳೆಯರು. ನಾನು ಒಬ್ಬನೇ ಕೂತು ಆಡುವ ಕಥೆಯ ಆಟಗಳೇ ಜಾಸ್ತಿ. ಇಷ್ಟವಾದದ್ದನ್ನು ಎಷ್ಟೋ ವರ್ಷ ಬಿಟ್ಟು ಮತ್ತೆ ಆಡುತ್ತೇನೆ. ಡಿಸ್ಕ್‌ನಿಂದ ನಿಜಕ್ಕೂ ಲಾಭ ಇದೆಯಾ, ಸುಮ್ನೆ ಅಭ್ಯಾಸವಾ?

ಉತ್ತರ 1:
ನಾನು ಪೂರ್ತಿ ಡಿಜಿಟಲ್, ಎಲ್ಲ ಆಟಗಳನ್ನೂ ಡೌನ್‌ಲೋಡ್ ಮಾಡಿಯೇ ಆಡುತ್ತೇನೆ. ಗೀರು ಬೀಳುವ ಭಯವಿಲ್ಲ, ಆಟ ಬದಲಿಸಲು ಎದ್ದು ಹೋಗಬೇಕಿಲ್ಲ. ಕೆಲವು ಆಟಗಳು ಡಿಸ್ಕ್‌ನಲ್ಲಿ ಬರುವುದೇ ತಡ. ಅಲನ್ ವೇಕ್ 2 ಬಂದದ್ದು 2023ರಲ್ಲಿ, ಅದರ ಡಿಸ್ಕ್ ಬಂದದ್ದು 2024ರಲ್ಲಿ. ಅಷ್ಟು ಕಾಯಲು ನನ್ನಿಂದ ಆಗುವುದಿಲ್ಲ.

ಉತ್ತರ 2:
ಡ್ರೈವ್ ಇರುವುದನ್ನೇ ತಗೊಳ್ಳಿ. ನಿಮ್ಮ ಪಿಎಸ್4 ಡಿಸ್ಕ್‌ಗಳಲ್ಲಿ ಬಹುತೇಕ ಎಲ್ಲವೂ ಪಿಎಸ್5ನಲ್ಲಿ ಓಡುತ್ತವೆ. ಡ್ರೈವ್ ಇಲ್ಲದಿದ್ದರೆ ಶೆಲ್ಫ್ ಪೂರ್ತಿ ದಂಡ.

ಗೆಳೆಯರು ಹೇಳುವುದೂ ಅರ್ಧ ನಿಜ. ಈಗ ಆಟ ಡಿಸ್ಕ್‌ನಿಂದ ನೇರವಾಗಿ ಓಡುವುದಿಲ್ಲ, ಒಳಗಿನ ಸ್ಟೋರೇಜ್‌ಗೆ ಕಾಪಿ ಆಗುತ್ತದೆ. ಆಮೇಲೆ ಡಿಸ್ಕ್ ಬರೀ ಬೀಗದ ಕೀಲಿ. ಆದರೆ ಆ ಕೀಲಿ ನಿಮ್ಮ ಕೈಲಿರುತ್ತದೆ. ಆಡಿ ಮುಗಿಸಿ ತಮ್ಮನಿಗೆ ಕೊಡಬಹುದು, ಮಾರಬಹುದು. ನಿಂಟೆಂಡೊ ಕಂಪನಿಯ ಹಳೇ ಕನ್ಸೋಲ್‌ಗಳಾದ ವೀ ಯೂ, 3ಡಿಎಸ್‌ಗಳ ಆನ್‌ಲೈನ್ ಅಂಗಡಿಗಳಲ್ಲಿ 2023ರ ಮಾರ್ಚ್‌ನಲ್ಲಿ ಮಾರಾಟ ನಿಂತುಹೋಯಿತು. ಅಲ್ಲಿ ಡೌನ್‌ಲೋಡ್ ಆಗಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಆ ಕನ್ಸೋಲ್‌ಗಳಿಗೆ ಇವತ್ತು ಹೊಸದಾಗಿ ಕೊಳ್ಳಲು ದಾರಿಯೇ ಇಲ್ಲ. ಡಿಸ್ಕ್ ಅಥವಾ ಕಾರ್ಟ್ರಿಡ್ಜ್ ಇರುವವರು ಈಗಲೂ ಆರಾಮಾಗಿ ಆಡುತ್ತಿದ್ದಾರೆ.

ಹಾಗಂತ ಡಿಸ್ಕ್ ಇದ್ದರೆ ಸಾಕು ಅಂದುಕೊಳ್ಳಬೇಡಿ. ಆನ್‌ಲೈನ್ ಇಲ್ಲದೆ ಓಡದ ದಿ ಕ್ರೂ ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು, ಡಿಸ್ಕ್ ಇಟ್ಟುಕೊಂಡವರಿಗೂ ಆಟ ಹೋಯಿತು. ನಿಂಟೆಂಡೊದ ಸ್ವಿಚ್ 2 ಕನ್ಸೋಲ್‌ನ ಗೇಮ್-ಕೀ ಕಾರ್ಡ್‌ನಲ್ಲಂತೂ ಆಟವೇ ಇರುವುದಿಲ್ಲ, ಕಾರ್ಡ್ ಹಾಕಿದರೂ ಡೌನ್‌ಲೋಡ್ ಮಾಡಲೇಬೇಕು. ದುಡ್ಡು ಕೊಟ್ಟು ಖಾಲಿ ಡಬ್ಬಿ ತಂದ ಹಾಗೆ ಆಗುತ್ತದೆ ಅಂತ ನನಗೆ ಸಿಟ್ಟೇ ಬರುತ್ತದೆ.

ಅದಕ್ಕೇ ಹೊಸ ಡಿಸ್ಕ್ ತಂದ ತಕ್ಷಣ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಕನ್ಸೋಲ್‌ನಲ್ಲಿ ಇಂಟರ್‌ನೆಟ್ ಆಫ್ ಮಾಡಿ ಡಿಸ್ಕ್ ಹಾಕುತ್ತೇನೆ. ಕಾಪಿ ಮುಗಿದು, ಮೆನು ಬಂದು, ನ್ಯೂ ಗೇಮ್ ಒತ್ತಿ, ಮೊದಲ ಹಂತ ದಾಟಿ ಸೇವ್ ಆಯಿತಾ? ಹಾಗಾದರೆ ಶೆಲ್ಫಿನಲ್ಲಿಡಲು ಯೋಗ್ಯ. ಕೆಲವಂತೂ ಮೆನುವಿನಲ್ಲೇ ನಿಂತು ಅಪ್‌ಡೇಟ್ ಕೇಳುತ್ತವೆ. ನೀವು ಮತ್ತೆ ಮತ್ತೆ ಆಡುವವರಾದ್ದರಿಂದ ಕಂಪ್ಲೀಟ್ ಎಡಿಷನ್‌ಗೆ ಕಾಯುವುದು ಒಳ್ಳೆಯದು. ವಿಚರ್ 3ರ ಗೇಮ್ ಆಫ್ ದಿ ಇಯರ್ ಎಡಿಷನ್‌ನಲ್ಲಿ ಎರಡೂ ಎಕ್ಸ್‌ಪಾನ್ಷನ್‌ಗಳು (ಆಮೇಲೆ ಬಂದ ಹೆಚ್ಚುವರಿ ಕಥೆಗಳು) ಡಿಸ್ಕ್‌ನಲ್ಲೇ ಇವೆ.

ಉತ್ತರ 3:
ಪಿಸಿ ಇದ್ದರೆ ಜಿಒಜಿ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ನೋಡಿ. ಅಲ್ಲಿ ಡಿಆರ್‌ಎಂ (ಕಾಪಿ ತಡೆಯುವ ಬೀಗ) ಇಲ್ಲದ ಇನ್‌ಸ್ಟಾಲರ್ ಫೈಲ್ ಸಿಗುತ್ತದೆ. ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡರೆ ಆಮೇಲೆ ಯಾರ ಸರ್ವರ್ ಹಂಗೂ ಬೇಡ. ಎಲ್ಲ ಆಟಗಳೂ ಅಲ್ಲಿಲ್ಲ, ಅಷ್ಟೇ.

ಪ್ರಶ್ನೆ ಕೇಳಿದವರು:
ಪಿಸಿ ಇಲ್ಲ. ಉತ್ತರ 2ರವರಿಗೆ ಥ್ಯಾಂಕ್ಸ್, ಇಂಟರ್‌ನೆಟ್ ಆಫ್ ಮಾಡಿ ನೋಡುವುದು ಹೊಳೆದೇ ಇರಲಿಲ್ಲ. ಈಗ ಡ್ರೈವ್ ಇಲ್ಲದ್ದು ಕೊಂಡು ಆಮೇಲೆ ಸೇರಿಸಬಹುದಾ?

ಉತ್ತರ 2:
ಪಿಎಸ್5ನ ಸ್ಲಿಮ್ ಅಥವಾ ಪ್ರೊ ಮಾಡೆಲ್ ಆದರೆ ಸೇರಿಸಬಹುದು, ಡ್ರೈವ್ ಬೇರೆಯಾಗಿ ಸಿಗುತ್ತದೆ. 2020ರ ಮೊದಲ ಡಿಜಿಟಲ್ ಎಡಿಷನ್‌ಗೆ (ಡ್ರೈವ್ ಇಲ್ಲದ ಮಾಡೆಲ್) ಆಗುವುದಿಲ್ಲ, ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹುಷಾರು. ಇನ್ನೊಂದು ವಿಷಯ, ಡ್ರೈವ್ ಜೋಡಿಸಿದಾಗ ಮೊದಲ ಸಲ ಇಂಟರ್‌ನೆಟ್‌ನಲ್ಲಿ ರಿಜಿಸ್ಟರ್ ಆಗಬೇಕು. ಹಾಗಾಗಿ ಕೊಂಡ ದಿನವೇ ಜೋಡಿಸಿಬಿಡಿ.