ಗಜಕರ್ಣ, ಕಜ್ಜಿ, ಸರ್ಪಸುತ್ತು: ನಮ್ಮ ಗುಂಪಿನಲ್ಲಿ ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಮುಂಬೈ ಕನ್ನಡಿಗರ ಈ ಗುಂಪಿನಲ್ಲಿ ಈ ಸಲ ಉತ್ತರ ಕೊಡುತ್ತಿರುವವರು ಠಾಣೆಯಲ್ಲಿ ಕ್ಲಿನಿಕ್ ಇರುವ ನಮ್ಮವರೇ ಒಬ್ಬ ಚರ್ಮದ ಡಾಕ್ಟರ್. ಯಾರೂ ಫೋಟೋ ಹಾಕಬೇಡಿ. ತೊಂದರೆ ಬರೆದರೆ ಸಾಕು.

ಭಾಂಡುಪ್‌ನಿಂದ ಒಬ್ಬರು: ಡಾಕ್ಟ್ರೇ, ನಮ್ಮದು ಸಣ್ಣ ಹೋಟೆಲ್. ನಾನೂ ಕೆಲಸದ ಹುಡುಗರೂ ಹಿಂದಿನ ರೂಮಿನಲ್ಲೇ ಮಲಗುವುದು. ನನಗೆ ತೊಡೆ ಸಂದಿಯಲ್ಲಿ ಗಜಕರ್ಣ. ಮೆಡಿಕಲ್‌ನವನು ಒಂದು ಟ್ಯೂಬ್ ಕೊಟ್ಟ. ಹಚ್ಚಿದರೆ ಎರಡು ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ವಾರದೊಳಗೆ ಮತ್ತೆ, ಅದೂ ಮೊದಲಿಗಿಂತ ಜಾಸ್ತಿ. ಈಗ ಸೊಂಟಕ್ಕೂ ಹತ್ತಿದೆ. ಒಬ್ಬ ಹುಡುಗನಿಗೂ ಶುರುವಾಗಿದೆ. ಇದಕ್ಕಿಂತ ಸ್ಟ್ರಾಂಗ್ ಟ್ಯೂಬ್ ಯಾವುದಿದೆ ಹೇಳಿ.

ಡಾಕ್ಟರ್: ಸ್ಟ್ರಾಂಗ್ ಟ್ಯೂಬ್ ಆಮೇಲೆ ನೋಡೋಣ ಅಣ್ಣಾ. ಈಗಿರುವ ಟ್ಯೂಬ್ ತಿರುಗಿಸಿ, ಹಿಂದಿರುವ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ – ಇವುಗಳಲ್ಲಿ ಯಾವುದಾದರೂ ಇದೆಯಾ?

ಭಾಂಡುಪ್: ಮೂರು ಔಷಧಿ ಬರೆದಿದ್ದಾರೆ. ಮೊದಲನೆಯದೇ ಕ್ಲೋಬೆಟಾಸೋಲ್.

ಡಾಕ್ಟರ್: ಅದೇ ಅಂದುಕೊಂಡೆ. ಅದು ಸ್ಟೀರಾಯ್ಡ್, ಅದರಲ್ಲೂ ಬಹಳ ಗಟ್ಟಿಯದು. ಗಜಕರ್ಣ ಬರುವುದು ಫಂಗಸ್‌ನಿಂದ. ಆ ಫಂಗಸ್ ಜೊತೆ ನಮ್ಮ ಮೈ ಜಗಳಕ್ಕಿಳಿದಾಗ ಕೆಂಪಾಗುತ್ತದೆ, ತುರಿಸುತ್ತದೆ. ಸ್ಟೀರಾಯ್ಡ್ ಆ ಜಗಳ ನಿಲ್ಲಿಸುತ್ತದೆ, ಫಂಗಸ್ಸನ್ನು ಮುಟ್ಟುವುದಿಲ್ಲ. ಅಂದರೆ ಕಳ್ಳ ಒಳಗಿರುವಾಗಲೇ ನಾಯಿಯ ಬಾಯಿ ಕಟ್ಟಿದ ಹಾಗೆ. ತುರಿಕೆ ಇಲ್ಲ ಅಂತ ನಿಮಗೆ ಸಮಾಧಾನ, ಅದು ಮಾತ್ರ ಹಬ್ಬುತ್ತಾ ಹೋಗುತ್ತದೆ. ಉಂಗುರದಂಥ ಅಂಚೂ ಅಳಿಸಿಹೋಗುತ್ತದೆ, ಆಗ ನೋಡಿದ ಡಾಕ್ಟರಿಗೂ ಗೊಂದಲ. ತಿಂಗಳುಗಟ್ಟಲೆ ಹಚ್ಚಿದವರ ತೊಡೆ ಸಂದಿಯಲ್ಲಿ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆ ಮೇಲೆ ಇರುವಂಥ ಗೀರು ಬೀಳುತ್ತದೆ. ಆ ಗೀರು ಮತ್ತೆ ಪೂರ್ತಿ ಹೋಗುವುದಿಲ್ಲ.

ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಕೌಂಟರ್ ಮೇಲೆ ಸುಮ್ನೆ ಸಿಗುತ್ತದೆ, ಅಲ್ವಾ? ಎಷ್ಟೋ ಜನ ಇದನ್ನು ಹಚ್ಚಿ ಹಚ್ಚಿಯೇ ನಮ್ಮ ದೇಶದ ಗಜಕರ್ಣ ಇಷ್ಟು ಹಟಮಾರಿಯಾಗಿದೆ ಅಂತ ನಾವು ಚರ್ಮದ ಡಾಕ್ಟರುಗಳು ಬಹಳ ದಿನದಿಂದ ಹೇಳುತ್ತಿದ್ದೇವೆ. ಇಲ್ಲಿ ಜಾಸ್ತಿ ಕಾಣುವ ಫಂಗಸ್ಸಿಗೆ 2020ರಲ್ಲಿ ಟ್ರೈಕೊಫೈಟನ್ ಇಂಡೋಟಿನಿಯೇ ಅಂತ ಹೆಸರೇ ಇಟ್ಟರು, ಹೆಸರಲ್ಲೇ ಇಂಡಿಯಾ ಇದೆ. ಟರ್ಬಿನಾಫಿನ್ ಮಾತ್ರೆಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. ಹಾಗಾಗಿ ಹೆಚ್ಚಿನವರಿಗೆ ನಾವು ಇಟ್ರಾಕೊನಜೋಲ್ ಬರೆಯುತ್ತೇವೆ. ಅದನ್ನು ಊಟದ ಜೊತೆ ನುಂಗಬೇಕು. ಆಸಿಡಿಟಿ ಮಾತ್ರೆ ಜೊತೆಗೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾರ್ಟ್ ವೀಕ್ ಇರುವವರು, ಕೊಲೆಸ್ಟರಾಲ್ ಮಾತ್ರೆ ತಗೊಳ್ಳುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಅದಕ್ಕೇ ಇದನ್ನೂ ಮೆಡಿಕಲ್‌ನಿಂದ ನೀವೇ ತರಬೇಡಿ.

ಹಚ್ಚಲು ಬರೀ ಫಂಗಸ್ ಔಷಧಿ ಇರುವ ಕ್ರೀಮ್ ಸಾಕು, ಲುಲಿಕೊನಜೋಲ್ ಥರದ್ದು. ಕಲೆಯ ಮೇಲೆ ಮಾತ್ರ ಅಲ್ಲ, ಅಂಚಿನಿಂದ ಆಚೆಗೂ ಎರಡು ಸೆಂಟಿಮೀಟರ್ ಹಚ್ಚಿ. ಕಲೆ ಹೋದ ಮೇಲೂ ಎರಡು ವಾರ ಬಿಡಬೇಡಿ. ಒಟ್ಟಿನಲ್ಲಿ ಒಂದೂವರೆ, ಎರಡು ತಿಂಗಳು ಹಿಡಿಯಬಹುದು.

ಇನ್ನೊಂದು ಮಾತು. ಹಳೇ ಟ್ಯೂಬ್ ಬಿಟ್ಟ ತಕ್ಷಣ ತುರಿಕೆ ಜೋರಾಗಿ ಬರುತ್ತದೆ. ಎಲ್ಲರೂ ಸೋಲುವುದು ಅಲ್ಲೇ. ‘ಮೇಡಂ ಔಷಧಿ ನಾಟಲಿಲ್ಲ’ ಅಂತ ಮತ್ತೆ ಅದೇ ಟ್ಯೂಬಿಗೆ ಕೈ ಹಾಕುತ್ತಾರೆ. ಆ ಕೆಲವು ದಿನ ರಾತ್ರಿ ಒಂದು ಸೆಟ್ರಿಜಿನ್ ನುಂಗಿ ತಡೆದುಕೊಳ್ಳಿ.

ಭಾಂಡುಪ್: ಹುಡುಗರಿಗೆ ಏನು ಮಾಡಲಿ? ಎಲ್ಲರ ಬಟ್ಟೆಯೂ ಒಟ್ಟಿಗೇ ಒಗೆಯುವುದು.

ಡಾಕ್ಟರ್: ಹತ್ತಿದವರೆಲ್ಲ ಒಂದೇ ಸಮಯಕ್ಕೆ ಔಷಧಿ ಮಾಡಬೇಕು. ಇಲ್ಲದಿದ್ದರೆ ರೂಮಿನೊಳಗೇ ಸುತ್ತುತ್ತಿರುತ್ತದೆ. ಟವೆಲ್, ಲುಂಗಿ, ಚಾದರ ಒಬ್ಬರದ್ದು ಇನ್ನೊಬ್ಬರು ಮುಟ್ಟಬಾರದು. ಬಟ್ಟೆ ಬಿಸಿನೀರಲ್ಲಿ ಬೇರೆಯಾಗಿ ಒಗೆಯಿರಿ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದೇ ಇಲ್ಲ, ಗೊತ್ತು. ಚಡ್ಡಿಯನ್ನು ಒಳಮಗ್ಗುಲು ತಿರುವಿ ಇಸ್ತ್ರಿ ಹಾಕಿ ತೊಡಿ. ಅಡುಗೆ ಮನೆಯಲ್ಲಿ ಬೆವರಿ ಒದ್ದೆಯಾದ ಬಟ್ಟೆಯಲ್ಲೇ ರಾತ್ರಿವರೆಗೆ ನಿಲ್ಲಬೇಡಿ. ಮತ್ತೆ, ಸೊಂಟದಲ್ಲಿ ಉಡುದಾರ ಇದೆಯಾ? ಇದ್ದರೆ ತೆಗೆಯಿರಿ. ಆ ದಾರ ಯಾವಾಗಲೂ ಒದ್ದೆ, ಫಂಗಸ್ಸಿಗೆ ಅದೇ ಮನೆ. ಸೊಂಟದ ಸುತ್ತ ದಾರದ ಗುಂಟವೇ ಹಬ್ಬಿದ ಗಜಕರ್ಣ ನಮಗೆ ದಿನಾ ಕಾಣುತ್ತದೆ. ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಿ, ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಲುಂಡ್‌ನಿಂದ ಒಬ್ಬರು: ನಮ್ಮ ಕಡೆ ಬೆಳ್ಳುಳ್ಳಿ ಅರೆದು ಹಚ್ಚುತ್ತಾರೆ ಮೇಡಂ. ಖರ್ಚೂ ಇಲ್ಲ.

ಡಾಕ್ಟರ್: ಬೇಡ. ಹಸಿ ಬೆಳ್ಳುಳ್ಳಿ ಕಟ್ಟಿಕೊಂಡು ಸುಟ್ಟ ಗಾಯದಂತೆ ಬೊಬ್ಬೆ ಎದ್ದು ಬರುತ್ತಾರೆ. ಆಮೇಲೆ ಎರಡಕ್ಕೂ ಖರ್ಚು.

ಡೊಂಬಿವಲಿಯಿಂದ ಒಬ್ಬರು: ಮೇಡಂ, ಮಗನಿಗೆ ನಾಲ್ಕು ವರ್ಷ. ಬೆರಳ ಸಂದಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ. ಹಗಲು ಆಡಿಕೊಂಡಿರುತ್ತಾನೆ, ರಾತ್ರಿ ತುರಿಸಿ ತುರಿಸಿ ಅಳುತ್ತಾನೆ. ಈಗ ನನಗೂ ಅತ್ತೆಗೂ ಶುರುವಾಗಿದೆ. ನೀರಿನ ಅಲರ್ಜಿ ಇರಬಹುದಾ?

ಡಾಕ್ಟರ್: ರಾತ್ರಿ ಜಾಸ್ತಿ, ಬೆರಳ ಸಂದಿ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ. ನೀರಲ್ಲಮ್ಮಾ, ಇದು ಹೆಚ್ಚುಕಡಿಮೆ ಕಜ್ಜಿಯೇ. ಒಮ್ಮೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ದಾರಿ ಕೊರೆದು ಮೊಟ್ಟೆ ಇಡುತ್ತದೆ. ನಾಚಿಕೆ ಪಡಬೇಡಿ, ದಿನಾ ಸ್ನಾನ ಮಾಡುವವರಿಗೂ ಬರುತ್ತದೆ.

ಔಷಧಿ ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮ್. ತಪ್ಪಾಗುವುದು ಹಚ್ಚುವ ರೀತಿಯಲ್ಲಿ. ಗುಳ್ಳೆ ಇದ್ದ ಕಡೆ ಮಾತ್ರ ಒರೆಸಿ ಬಿಡುತ್ತಾರೆ. ಹಾಗಲ್ಲ. ರಾತ್ರಿ ಮಲಗುವ ಮುಂಚೆ ಕತ್ತಿನಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಿ. ಉಗುರಿನ ಕೆಳಗೆ, ಹೊಕ್ಕುಳಲ್ಲಿ, ಪೃಷ್ಠದ ಸಂದಿಯಲ್ಲಿ. ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಬೆಳಿಗ್ಗೆ ಸ್ನಾನ. ಒಂದು ವಾರ ಬಿಟ್ಟು ಮತ್ತೊಮ್ಮೆ. ತುರಿಕೆ ಇರಲಿ ಇಲ್ಲದಿರಲಿ, ಮನೆಯವರೆಲ್ಲ ಅದೇ ರಾತ್ರಿ ಹಚ್ಚಬೇಕು. ‘ನನಗೇನಿಲ್ಲ’ ಅನ್ನುವ ಯಜಮಾನರೂ ಸೇರಿ. ಮನೆಗೆಲಸಕ್ಕೆ ಬರುವವರಿದ್ದರೆ ಅವರಿಗೂ ಹೇಳಿ. ತೀರಾ ಎಳೆ ಮಕ್ಕಳು, ಬಸುರಿಯರು ಇದ್ದರೆ ಮೊದಲು ಕೇಳಿ.

ಚಾದರ, ಬಟ್ಟೆ ಬಿಸಿನೀರಿಗೆ ಹಾಕಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಹುಳ ಸಾಯುತ್ತದೆ. ಹುಳ ಸತ್ತ ಮೇಲೂ ತುರಿಕೆ ಎರಡು ಮೂರು ವಾರ ಇರುತ್ತದೆ. ಗಾಬರಿಯಾಗಿ ದಿನಾ ಕ್ರೀಮ್ ಹಚ್ಚಿದರೆ ಚರ್ಮ ಒಣಗಿ ಇನ್ನೂ ತುರಿಸುತ್ತದೆ.

ಗೋರೆಗಾಂವ್‌ನಿಂದ ಒಬ್ಬರು: ಸಂಜೆಯಾದರೆ ಪಿತ್ತಗಂಧೆ ಏಳುತ್ತದೆ. ಅಜ್ಜಿ ಮುರುಗಲ ರಸ ಹಚ್ಚು ಅನ್ನುತ್ತಾರೆ. ಹಚ್ಚಬಹುದಾ?

ಡಾಕ್ಟರ್: ಹಚ್ಚಿ, ತಂಪಾಗುತ್ತದೆ, ತೊಂದರೆ ಇಲ್ಲ. ಗಂಧೆ ಏಳುವುದು ಅದರಿಂದ ನಿಲ್ಲುವುದಿಲ್ಲ ಅಷ್ಟೇ. ಒಂದೊಂದು ಗಂಧೆಯೂ 24 ಗಂಟೆಯೊಳಗೆ ಕಲೆ ಇಲ್ಲದೆ ಇಳಿದರೆ ಸೆಟ್ರಿಜಿನ್ ಜಾತಿಯ ಮಾತ್ರೆ ಸಾಕು. ಗಾಡಿ ಓಡಿಸುವವರಿಗೆ ಫೆಕ್ಸೊಫೆನಡಿನ್ ವಾಸಿ, ಅದರಿಂದ ತೂಕಡಿಕೆ ಕಡಿಮೆ. ಕಾರಣ ಹುಡುಕಿ ಸಾವಿರಾರು ರೂಪಾಯಿ ಅಲರ್ಜಿ ಟೆಸ್ಟ್ ಮಾಡಿಸಿಕೊಂಡು ಬರುತ್ತಾರೆ, ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ನೋವಿನ ಮಾತ್ರೆ ನುಂಗಿದ ದಿನ ಜಾಸ್ತಿ ಆಗುತ್ತದಾ ಗಮನಿಸಿ. ಆರು ವಾರ ದಾಟಿದರೆ ತೋರಿಸಿ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಮಾತ್ರೆಗೆ ಕಾಯಬೇಡಿ, ನೇರ ಕ್ಯಾಶುವಾಲ್ಟಿಗೆ.

ಕಲ್ಯಾಣ್‌ನಿಂದ ಒಬ್ಬರು: ಅಮ್ಮನಿಗೆ 68. ಎಡ ಪಕ್ಕೆಯಲ್ಲಿ ನಿನ್ನೆಯಿಂದ ನೀರುಗುಳ್ಳೆ, ವಿಪರೀತ ಉರಿ. ಸರ್ಪಸುತ್ತು ಅಂತಾರೆ. ಪಕ್ಕದ ಮನೆ ಮರಾಠಿಯವರು ನಾಗೀಣ್ ಅಂತ ಹೆದರಿಸಿದರು. ತಲೆ ಬಾಲ ಕೂಡಿದರೆ ಉಳಿಯುವುದಿಲ್ಲವಂತೆ. ಊರಿಂದ ಕೆಮ್ಮಣ್ಣು ತರಿಸುತ್ತಿದ್ದೇವೆ.

ಡಾಕ್ಟರ್: ಕೆಮ್ಮಣ್ಣು ಬರುವಷ್ಟರಲ್ಲಿ ಔಷಧಿಯ ಸಮಯ ಮೀರುತ್ತದೆ. ಇವತ್ತೇ ಕರೆದುಕೊಂಡು ಹೋಗಿ. ಚಿಕ್ಕಂದಿನಲ್ಲಿ ‘ಅಮ್ಮ ಬಂದಿದೆ’ ಅನ್ನುತ್ತಾರಲ್ಲ, ಆ ಚಿಕನ್‌ಪಾಕ್ಸ್‌ನ ವೈರಸ್ಸೇ ಇದು. ನರದೊಳಗೆ ಮಲಗಿದ್ದು ವಯಸ್ಸಾದಾಗ ಏಳುತ್ತದೆ. ಎದ್ದ ನರ ಮೈಯ ಯಾವ ಪಕ್ಕಕ್ಕೆ ಹೋಗಿದೆಯೋ ಆ ಪಕ್ಕದಲ್ಲಿ ಪಟ್ಟಿಯಾಗಿ ಗುಳ್ಳೆ. ಹಾಗಾಗಿ ಸಾಮಾನ್ಯವಾಗಿ ಮೈಯ ನಟ್ಟನಡುವಿನ ಗೆರೆ ದಾಟಿ ಆಚೆ ಪಕ್ಕಕ್ಕೆ ಹೋಗುವುದಿಲ್ಲ. ಅಕಸ್ಮಾತ್ ದಾಟಿದರೂ ಅದರಿಂದ ಸಾವು ಅನ್ನುವುದು ಸುಳ್ಳು.

ಅಸೈಕ್ಲೊವಿರ್ ಅಥವಾ ವಾಲಸೈಕ್ಲೊವಿರ್ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಕಿಡ್ನಿ ತೊಂದರೆ ಇದ್ದರೆ ಹೇಳಿ, ಡೋಸ್ ಬದಲಾಗುತ್ತದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ನರದ ನೋವೇ ವಯಸ್ಸಾದವರನ್ನು ಹಣ್ಣು ಮಾಡುವುದು. ಅದಕ್ಕೆ ಬೇರೆ ಮಾತ್ರೆಗಳಿವೆ, ಸಹಿಸಿಕೊಂಡು ಕೂರಬೇಕಿಲ್ಲ. ಹಣೆ ಅಥವಾ ಮೂಗಿನ ತುದಿಗೆ ಬಂದರೆ ಕಣ್ಣಿನ ಡಾಕ್ಟರಿಗೆ ಅದೇ ದಿನ. ಗುಳ್ಳೆ ಒಣಗುವವರೆಗೆ ಚಿಕನ್‌ಪಾಕ್ಸ್ ಬಾರದ ಮಕ್ಕಳು, ಬಸುರಿಯರು ಹತ್ತಿರ ಬೇಡ.

ಅಂಧೇರಿಯಿಂದ ಒಬ್ಬರು: ಬೆವರುಸಾಲೆಗೆ ಯಾವ ಪೌಡರ್ ಒಳ್ಳೆಯದು?

ಡಾಕ್ಟರ್: ಪೌಡರ್ ಬೇಡ. ಬೆವರಿನ ರಂಧ್ರ ಕಟ್ಟಿಕೊಂಡೇ ಅದು ಬಂದಿರುವುದು, ಮೇಲೆ ಇನ್ನಷ್ಟು ಮೆತ್ತುವುದೇಕೆ? ತಣ್ಣೀರ ಸ್ನಾನ, ಸಡಿಲ ಹತ್ತಿ ಬಟ್ಟೆ, ಫ್ಯಾನ್. ತುರಿಸಿದರೆ ಕ್ಯಾಲಮೈನ್ ಲೋಷನ್.

ಘಾಟ್ಕೋಪರ್‌ನಿಂದ ಒಬ್ಬರು: ತೋಳಿನ ಮೇಲೆ ಒಂದು ಬಿಳಿಚು ಮಚ್ಚೆ. ತುರಿಕೆ ಇಲ್ಲ, ನೋವಿಲ್ಲ. ಬಿಟ್ಟುಬಿಡಲಾ? ಕ್ಲಿನಿಕ್ ಫೀಸಿಗೆ ಈಗ ಕೈಯಲ್ಲಿ ಆಗುವುದಿಲ್ಲ.

ಡಾಕ್ಟರ್: ಬಿಡಬೇಡಿ. ಕಣ್ಣು ಮುಚ್ಚಿಕೊಂಡು ಬೇರೆಯವರಿಂದ ಮಚ್ಚೆಗೆ ಹತ್ತಿ ಮುಟ್ಟಿಸಿಕೊಳ್ಳಿ. ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಹೆಸರು ಕೇಳಿ ಹೆದರಬೇಡಿ. ಗೊತ್ತಾದರೂ ಒಮ್ಮೆ ತೋರಿಸಿ, ಮಚ್ಚೆಗೆ ಬೇರೆ ಕಾರಣಗಳೂ ಇವೆ. ಕುಷ್ಠವೇ ಆದರೆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆರು ತಿಂಗಳು ಅಥವಾ ಒಂದು ವರ್ಷ. ಬೇಗ ಶುರುಮಾಡಿದರೆ ಕೈಕಾಲಿಗೆ ಊನ ಆಗುವುದಿಲ್ಲ. ನಿಮಗೆ ಸಯನ್ ಆಸ್ಪತ್ರೆ ಹತ್ತಿರ. ಪರೇಲ್‌ನ ಕೆಇಎಂನಲ್ಲೂ ಮುಂಬೈ ಸೆಂಟ್ರಲ್‌ನ ನಾಯರ್‌ನಲ್ಲೂ ಚರ್ಮದ ಓಪಿಡಿ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಆವತ್ತು ಮಚ್ಚೆಗೆ ಏನೂ ಹಚ್ಚದೆ ಹೋಗಿ.